ಹೆಬ್ಬೆಟ್ಟು ಬಿಡಿಸಿದ ಟೀಚರು

ಶುಕ್ರವಾರ ಬಂತೆಂದರೆ ಬಹರೈನಿನಲ್ಲಿ ದುಡಿಯುವ ಜನ ಮಧ್ಯಾಹ್ನ ಉಂಡು ಕಾಲು ಚಾಚುತ್ತಾರೆ. ರೋಸಲಿನ್ ಮಾತ್ರ ಪೂಜೆ ಮುಗಿದದ್ದೇ ತಡ, ಇಗರ್ಜಿಯ ಗೇಟಿನಲ್ಲೇ ಟ್ಯಾಕ್ಸಿ ಹಿಡಿದು ಬಂದರಿನ ಕಡೆಯ ಮೀನಾ ಸಲ್ಮಾನಿಗೆ ಹೊರಡುತ್ತಿದ್ದಳು. ವಾರವಿಡೀ ಸೀಫ್‌ನ ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟುವ ಈ ಶಿರ್ವದ ಹೆಂಗಸಿಗೆ ಮೀನಾ ಸಲ್ಮಾನಿನ ಒಂದು ಕ್ಲೀನಿಂಗ್ ಕಂಪನಿಯ ಕೆಲಸಗಾರರ ಕ್ಯಾಂಪಿನಲ್ಲಿ ಬಿಟ್ಟಿ ಮೇಷ್ಟ್ರಗಿರಿ. ಬೇರೆ ಕೆಲಸ ಇಲ್ಲವಾ ನಿನಗೆ ಎಂದು ಗಂಡ ಓಲಿವರ್ ಕೇಳಿ ಕೇಳಿ ಸುಸ್ತಾಗಿ ಸುಮ್ಮನಾಗಿದ್ದ.

ವಿದ್ಯಾರ್ಥಿನಿಯರು ಹದಿಮೂರು ಜನ. ಎಲ್ಲರೂ ಇಥಿಯೋಪಿಯಾದ ಹಳ್ಳಿಗಳಿಂದ ಬಂದು ಮಾಲ್‌ಗಳ ನೆಲ ಒರೆಸುವವರು. ಕ್ಯಾಂಪಿನ ಊಟದ ಹಾಲೇ ಶಾಲೆ; ಪುಸ್ತಕ ಇಟ್ಟರೆ ಮೇಜಿನ ಜಿಡ್ಡಿಗೆ ಅಂಟಿಕೊಳ್ಳುತ್ತಿತ್ತು. ಅರ್ಧ ಜನ ತೂಕಡಿಸುತ್ತಿದ್ದರು. ಈ ವಾರ ಕಲಿತದ್ದು ಮುಂದಿನ ವಾರಕ್ಕೆ ಸೋಪಿನ ನೀರಿನ ಜೊತೆ ಹರಿದು ಹೋಗಿರುತ್ತಿತ್ತು. ಐದು ತಿಂಗಳಾದ ಮೇಲೆ, ಇವರು ಇಂಗ್ಲಿಷ್ ಓದುವ ದಿನ ಬರುವುದಿಲ್ಲವೆಂದು ರೋಸಲಿನ್‌ಗೆ ಖಾತ್ರಿಯಾಯಿತು. ಆದರೆ ಕೈಕಟ್ಟಿ ಕೂರುವ ಪೈಕಿಯಲ್ಲ ಅವಳು. ಯೂನಿಫಾರ್ಮ್ ಹಂಚುವ ದಿನ ಇವರೆಲ್ಲ ಸಾಲಾಗಿ ನಿಂತು ಹೆಬ್ಬೆಟ್ಟಿಗೆ ಶಾಯಿ ಮೆತ್ತಿಸಿಕೊಳ್ಳುವುದನ್ನು ಕಂಡು ಅವಳ ಮೈ ಉರಿದಿತ್ತು. ಓದು ಹಾಳಾಗಲಿ, ಹೆಸರನ್ನಾದರೂ ಬರೆಯಲಿ ಎಂದು ಹಠ ತೊಟ್ಟಳು.

ಹಠಕ್ಕೆ ತಕ್ಕವಳಾಗಿ ಸಿಕ್ಕಿದವಳು ಮಾರ್ಥಾ. ಗಾಜು ಒರೆಸುವಾಗ ಏಣಿಯಿಂದ ಬಿದ್ದು ಮೊಣಕಾಲು ಮುರಿದುಕೊಂಡು ಕ್ಯಾಂಪಿನಲ್ಲೇ ಕೂತಿದ್ದಳು. ಆಪರೇಷನ್ ಆದರೆ ಮೊದಲಿನ ಹಾಗೆ ನಡೆಯಬಹುದು, ಆಗದಿದ್ದರೆ ಜೀವಮಾನವೆಲ್ಲ ಕುಂಟು ಎಂದಿದ್ದರು ಡಾಕ್ಟರು. ಅದನ್ನು ಮಾಡಿಸಬೇಕಾದದ್ದು ಕಂಪನಿ; ಒಪ್ಪಿಗೆಯ ಕಾಗದ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಮಾರ್ಥಾ ಕಾಯುತ್ತಿದ್ದಳು. ಕೆಲಸವಿಲ್ಲದ ಕೈಗೆ ಪೆನ್ಸಿಲು ಸಿಕ್ಕಿತು. ಹೆಸರಷ್ಟೇ ಅಲ್ಲ, ರೋಸಲಿನ್ ಬೋರ್ಡಿನ ಮೇಲೆ ಬರೆದ ಮೂರು ವಾಕ್ಯಗಳನ್ನೂ ರಂಗೋಲಿ ಬಿಡಿಸಿದಂತೆ ತಿದ್ದಿ ತಿದ್ದಿ ಕಲಿತಳು. ಅದರಾಚೆ ಒಂದಕ್ಷರ ಓದಲು ಬಾರದು.

"ಇನ್ನು ಮೇಲೆ ಯಾರಿಗೂ ಹೆಬ್ಬೆಟ್ಟು ಕೊಡಬೇಡ," ಎಂದು ಟೀಚರು ಹೆಮ್ಮೆಯಿಂದ ತಾಕೀತು ಮಾಡಿದಳು.

ಅಕ್ಟೋಬರಿನ ಒಂದು ಶುಕ್ರವಾರ ಮಾರ್ಥಾ ಕುಂಟುತ್ತಾ ಗೇಟಿಗೇ ಬಂದಳು. "ಮೇಡಂ, ಕಾಗದ ಬಂತು! ನಾನೇ ಸೈನ್ ಮಾಡಿದೆ!" ಎಂದಳು ತನ್ನ ಹರಕು ಇಂಗ್ಲಿಷಿನಲ್ಲಿ. ರೋಸಲಿನ್ ಅವಳನ್ನು ಬಾಚಿ ತಬ್ಬಿಕೊಂಡಳು. ಇಷ್ಟು ದಿನದ ಟ್ಯಾಕ್ಸಿ ಓಡಾಟ ಸಾರ್ಥಕವಾಯಿತು ಎನ್ನಿಸಿತು.

ಕ್ಯಾಂಪಿನ ಗುಮಾಸ್ತ ಸಿರಾಜ್, ಉಳ್ಳಾಲದವನು, ದೂರದಿಂದಲೇ ಕೈಸನ್ನೆ ಮಾಡಿ ಅವಳನ್ನು ಪಕ್ಕಕ್ಕೆ ಕರೆದ. ಅವನ ಮುಖ ಬಾಡಿತ್ತು. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ ಅವಳನ್ನು ಅವನು 'ಬಾಯಿ' ಎನ್ನುತ್ತಿದ್ದ.

"ಬಾಯಿ, ಅದು ಆಪರೇಷನ್ದು ಅಲ್ಲ ಮಾರಾಯ್ರೆ. ನನ್ನ ಇಷ್ಟದಿಂದಲೇ ಕೆಲಸ ಬಿಡ್ತೇನೆ, ಇನ್ನು ಮದ್ದುಗಿದ್ದು ಎಂತದೂ ಬೇಡ ಅಂತ ಉಂಟು ಅದ್ರಲ್ಲಿ. ಮಂಗಳವಾರ ಅವಳನ್ನು ಊರಿಗೆ ಕಳಿಸ್ತಾರೆ."

"ಮತ್ತೆ ನೀವು ಓದಿ ಹೇಳ್ಲಿಲ್ವಾ?"

"ಹೆಬ್ಬೆಟ್ಟಾದ್ರೆ ಓದಿ ಹೇಳ್ಬೇಕು, ಅವರ ಭಾಷೆಯವರೊಬ್ಬರು ಸಾಕ್ಷಿಗೆ ಬೇಕು. ನಮ್ಮ ಕಂಪನಿಯಲ್ಲಿ ಮೊದಲಿಂದ್ಲೂ ಹಾಗೆ. ನಾನು ಶಾಯಿ ಡಬ್ಬಿ ತೆಗ್ದೆ ಬಾಯಿ. ಇವಳು ಬೇಡ ಅಂತ ನನ್ನ ಕಿಸೆಯಿಂದ ಪೆನ್ನು ಎಳ್ಕೊಂಡಳು. ಸೈನ್ ಮಾಡುವವರಿಗೆ ಓದಿ ಹೇಳುವ ಕ್ರಮ ಇಲ್ಲ. ಮ್ಯಾನೇಜರ್ ಎದುರಲ್ಲೇ ಕೂತಿದ್ರು, ನಾನು ಎಂತ ಮಾಡುದು?"

ರೋಸಲಿನ್‌ಗೆ ತನ್ನ ಮೇಲೆಯೇ ಅಸಹ್ಯವಾಯಿತು. ಊಟದ ಹಾಲಿಗೆ ಹೋಗಿ, ಕಾಗದದಲ್ಲಿ ಏನಿದೆಯೆಂದು ಮಾರ್ಥಾಳಿಗೆ ಬಿಡಿಸಿ ಬಿಡಿಸಿ ಹೇಳಿದಳು. ಮಾರ್ಥಾ ಸ್ವಲ್ಪ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು, "ಮೇಡಂ ಮಾತಾಡ್ತೀರಲ್ಲ, ಸರಿಯಾಗ್ತದೆ," ಎಂದಳು. ಆ ನಂಬಿಕೆ ರೋಸಲಿನ್‌ಳನ್ನು ಇನ್ನಷ್ಟು ಸುಟ್ಟಿತು.

ಭಾನುವಾರ ರಜೆ ಹಾಕಿ, ಮಾರ್ಥಾಳನ್ನು ಕರೆದುಕೊಂಡು ಹಿದ್‌ನಲ್ಲಿದ್ದ ಕಂಪನಿಯ ಆಫೀಸಿಗೆ ಹೋದಳು. ಮ್ಯಾನೇಜರು ಬಲು ಮರ್ಯಾದಸ್ಥ. ಕುರ್ಚಿ ಕೊಟ್ಟು ಚಹಾ ತರಿಸಿದ.

"ಇವಳಿಗೆ ಓದಲು ಬರುವುದಿಲ್ಲ ಸಾರ್. ನಾನೇ ಇವಳ ಟೀಚರು. ಏನೆಂದು ತಿಳಿಯದೆ ಸೈನ್ ಮಾಡಿದ್ದಾಳೆ. ಆ ಕಾಗದವನ್ನು ದಯವಿಟ್ಟು ರದ್ದು ಮಾಡಿ," ಎಂದು ರೋಸಲಿನ್ ಬೇಡಿಕೊಂಡಳು.

"ಟೀಚರಾ? ಒಳ್ಳೆಯದಾಯಿತು." ಅವನು ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಮಾರ್ಥಾಳ ಮುಂದೆ ಸರಿಸಿದ. "ನಿನಗೆ ಗೊತ್ತಿರುವುದನ್ನು ಬರೆಯಮ್ಮ, ನೋಡೋಣ."

ಮಾರ್ಥಾಳ ಮುಖ ಅರಳಿತು. ಚೆನ್ನಾಗಿ ಬರೆದರೆ ಸಾಹೇಬರು ಮೆಚ್ಚಿ ಕಾಲು ಸರಿ ಮಾಡಿಸುತ್ತಾರೆ ಎಂದುಕೊಂಡಳು ಪಾಪ. ಬೇಡ ಎನ್ನಲು ರೋಸಲಿನ್ ಅವಳ ತೋಳು ಹಿಡಿದಳು. ಮಾರ್ಥಾ ಅದನ್ನು ಧೈರ್ಯ ಹೇಳಿದ್ದೆಂದು ತಿಳಿದು ನಕ್ಕು, ತುಟಿ ಕಚ್ಚಿಕೊಂಡು ಬರೆದಳು. ನನ್ನ ಹೆಸರು ಮಾರ್ಥಾ. ನಾನು ಬಹರೈನಿನಲ್ಲಿ ಕೆಲಸ ಮಾಡುತ್ತೇನೆ. ನಾನು ಇಲ್ಲಿ ಸುಖವಾಗಿದ್ದೇನೆ. ಒಂದು ಅಕ್ಷರವೂ ತಪ್ಪಿರಲಿಲ್ಲ, ಗೆರೆಯಿಲ್ಲದ ಹಾಳೆಯಲ್ಲೂ ಸಾಲು ಸೊಟ್ಟಗಾಗಿರಲಿಲ್ಲ.

"ಅದು ಬಾಯಿಪಾಠ ಸಾರ್, ನಾನೇ ಮಾಡಿಸಿದ್ದು," ಎಂದಳು ರೋಸಲಿನ್. ತನ್ನ ದನಿ ಸುಳ್ಳು ಹೇಳುವವಳ ದನಿಯಂತೆ ಅವಳಿಗೇ ಕೇಳಿಸಿತು.

"ಇಷ್ಟು ಚೆಂದ ಬರೆಯುವವಳಿಗೆ ಓದಲು ಬಾರದೇ? ನೀವು ಒಳ್ಳೆಯ ಟೀಚರು ಮೇಡಂ." ಮ್ಯಾನೇಜರು ಆ ಹಾಳೆಗೂ ತೂತು ಹೊಡೆದು, ಅವಳು ಸೈನ್ ಮಾಡಿದ ಕಾಗದವಿದ್ದ ಫೈಲಿಗೇ ಸೇರಿಸಿದ.

ಹೊರಗೆ ಬಿಸಿಲು ಕುದಿಯುತ್ತಿತ್ತು. ಮಾರ್ಥಾ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಅವಳ ಮುಖದಲ್ಲಿ ಇನ್ನೂ ನಗು ಇತ್ತು.

"ಆಪರೇಷನ್ ಯಾವಾಗ ಅಂದರು ಮೇಡಂ?" ಎಂದು ಕೇಳಿದಳು.