ಲಿಫ್ಟಿನ ನೆತ್ತಿ

"ಯಾವನೋ ಅದು ಮೇಲೆ? ಸತ್ತೋದ್ಯೇನೋ? ತೆಗಿಯೋ ಬೇವರ್ಸಿ, ಉಸಿರು ಕಟ್ತಾ ಇದೆ!"

ಬೈಗುಳ ಲಿಫ್ಟಿನ ಒಳಗಿಂದ ಬರುತ್ತಿತ್ತು. ಬೈಸಿಕೊಳ್ಳುವವನು ಅದೇ ಲಿಫ್ಟಿನ ನೆತ್ತಿಯ ಮೇಲೆ, ಬಾವಿಯಂಥ ಕತ್ತಲಲ್ಲಿ, ಉಕ್ಕಿನ ಹಗ್ಗಗಳ ನಡುವೆ ಕುಕ್ಕರಗಾಲಲ್ಲಿ ಕೂತು ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದ. ಬಾಯಲ್ಲಿ ಟಾರ್ಚಿದ್ದರೆ ಬೈಗುಳಕ್ಕೆ ಉತ್ತರ ಕೊಡಲಾಗುವುದಿಲ್ಲ. ಕಂಪನಿ ಟಾರ್ಚು ಕೊಟ್ಟದ್ದೇ ಅದಕ್ಕಿರಬೇಕು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಇತ್ತು. ಕಂಪನಿಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅವನು ಗ್ರೀಸು. ಮೀಸೆ ಸರಿಯಾಗಿ ಮೂಡುವ ಮೊದಲೇ ಲಿಫ್ಟು ರಿಪೇರಿಗೆ ಸೇರಿದವನು ಇವತ್ತು ಸಂಜೆ ನಿವೃತ್ತನಾಗುತ್ತಿದ್ದ. ಆದರೂ ಬೆಳಿಗ್ಗೆ ಹಲ್ಲುಜ್ಜುವಾಗಲೇ ಫೋನು ಬಂತು. ಯಾಕೆಂದರೆ ಕಂಪನಿಯ ಸ್ವಂತ ಕಟ್ಟಡದ ಸ್ವಂತ ಲಿಫ್ಟಿನಲ್ಲಿ ಕಂಪನಿಯ ಸ್ವಂತ ಮ್ಯಾನೇಜರೇ ಸಿಕ್ಕಿಬಿದ್ದಿದ್ದ.

ಲಿಫ್ಟು ಗುಟುರು ಹಾಕಿ ಹೊರಟಿತು. ಕೆಳಗೆ ಬಾಗಿಲು ತೆರೆಯಿತು. ಮ್ಯಾನೇಜರು ಒದ್ದೆ ಕೋಳಿಯ ಹಾಗೆ ಹೊರಬಂದು, ಮೆಟ್ಟಿಲಿಳಿದು ಬರುತ್ತಿದ್ದವನನ್ನು ನೋಡಿದ.

"ಓ, ಗ್ರೀಸು, ನೀನಾ? ಸಂಜೆ ದೊಡ್ಡ ಸಾಹೇಬ್ರು ಬರ್ತಾರೆ. ಅವರು ಹಿಂಗೆ ಸಿಕ್ಕಾಕೊಂಡಿದ್ರೆ ನನ್ನ ಗತಿ ಏನೋ?"

"ಮೇಲೆ ಮೋಟಾರಿಗೆ ಕರೆಂಟು ಕೊಡೋ ಆ ರಿಲೇ ಸವೆದೋಗಿದೆ ಸಾರ್. ಮತ್ತೆ ನಿಲ್ಲುತ್ತೆ. ಹೊಸದು ಕೊಡ್ಸಿ ಅಂತ ಕೇಳಿ ಕೇಳಿ ನನ್ನ ಬಾಯೇ ಸವೀತು."

"ರಿಲೇ ಅಲ್ವೋ, ಸವೆದಿರೋನು ನೀನು. ಅದಕ್ಕೇ ಕಳಿಸ್ತಿರೋದು!" ಮ್ಯಾನೇಜರು ತನ್ನ ಜೋಕಿಗೆ ತಾನೇ ನಕ್ಕ. "ಸಂಜೆ ತುದಿ ಮಹಡೀಗೆ ಬಾ. ಹೆಂಡ್ತೀನೂ ಕರ್ಕೊಂಡು ಬಾ. ಸೋಪು ಹಾಕಿ ತಿಕ್ಕೊಂಡು ಬಾ. ಲಿಫ್ಟು ಬಾಗಿಲಿನ ಕೀ ಮರೀಬೇಡ, ವಾಪಸ್ ಕೊಡ್ಬೇಕು. ಡ್ಯೂಟಿ ಫೋನು ಈಗಲೇ ಆ ಕಿವುಡನಿಗೆ ಕೊಟ್ಬಿಡು."

ಕಿವುಡನೆಂದರೆ ಗ್ರೀಸಿನ ಹಿಂದೆಯೇ ಕೆಲಸಕ್ಕೆ ಸೇರಿದ ಮೆಕ್ಯಾನಿಕ್ಕು. ಮೋಟಾರು ರೂಮಿನ ಸದ್ದಿನಲ್ಲೇ ವಯಸ್ಸು ಕಳೆದು ಎರಡು ಕಿವಿಯನ್ನೂ ಕಂಪನಿಗೆ ಧಾರೆಯೆರೆದವನು. ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಕೆಂಪು ಗಂಟೆ ಒತ್ತಿದರೆ ಕೂಗುವುದು ಈ ಡ್ಯೂಟಿ ಫೋನು. ಅದನ್ನು ಕಿವುಡನಿಗೆ ಕೊಡಿಸುತ್ತಿದ್ದಾನಲ್ಲ ಎಂದು ಗ್ರೀಸಿಗೆ ನಗು ಬಂತು. ತಡೆದುಕೊಂಡ.

"ಸಾರ್, ನನ್ನ ಹೆಂಡ್ತೀಗೆ ಮಂಡಿ ನೋವು. ಇವತ್ತೊಂದಿನ ಅವಳನ್ನ ಲಿಫ್ಟಲ್ಲಿ..."

"ನೋಡೋಣ, ನೋಡೋಣ."

ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಸರ್ವೀಸಿನವರು ಲಿಫ್ಟಿನೊಳಗೆ ಕಾಲಿಡಬಾರದು, ಮೆಟ್ಟಿಲಲ್ಲೇ ಹತ್ತಬೇಕು ಎಂಬುದು ಕಂಪನಿಯ ಕಾನೂನು. ಗೋಡೆಗೆ ಜಿಡ್ಡು ಮೆತ್ತುತ್ತದೆ, ಗಿರಾಕಿಗಳು ಮೂಗು ಮುರಿಯುತ್ತಾರೆ. ಕೆಲಸವಿದ್ದರೆ ಲಿಫ್ಟಿನ ಮೇಲೆ ಕೂತು ಹೋಗಬಹುದು, ಇಲಿಯ ಹಾಗೆ. ಹೀಗಾಗಿ ಊರಿನ ಅರ್ಧ ಲಿಫ್ಟುಗಳನ್ನು ಓಡಿಸಿದವನು ಒಂದರ ಒಳಗೂ ನಿಂತು ಕನ್ನಡಿಯಲ್ಲಿ ತಲೆ ಬಾಚಿಕೊಂಡವನಲ್ಲ.

ಹೆಂಡತಿ ಮಧ್ಯಾಹ್ನದಿಂದಲೇ ಹಸಿರು ಸೀರೆ ಉಟ್ಟು ತಯಾರಾಗಿದ್ದಳು. "ರೀ, ಮದುವೆ ಹೊಸದರಲ್ಲಿ ಏನಂದಿದ್ರಿ? ಲಿಫ್ಟಲ್ಲಿ ಆಕಾಶ ತೋರಿಸ್ತೀನಿ ಅಂದಿದ್ರಿ. ನಾನು ಈ ನೆಲದ ಮನೇಲೇ ಮುದುಕಿ ಆದೆ. ಇವತ್ತು ಬಿಟ್ರೆ ನಿಮಗೂ ಲಿಫ್ಟಿಗೂ ಸಂಬಂಧ ಇಲ್ಲ."

"ಇವತ್ತು ಹತ್ತಿಸ್ತೀನಿ ಕಣೇ. ಆಣೆ."

"ನಿಮ್ಮ ಆಣೆಗೆ ತುಕ್ಕು ಹಿಡಿದಿದೆ. ಸ್ವಲ್ಪ ಎಣ್ಣೆ ಬಿಡಿ."

ಸಂಜೆ ಕಟ್ಟಡದ ಬಾಗಿಲಲ್ಲೇ ಮ್ಯಾನೇಜರು ನಿಂತಿದ್ದ. ಒಂದು ಕಂಕುಳಲ್ಲಿ ಕೇಕಿನ ಡಬ್ಬಿ, ಇನ್ನೊಂದರಲ್ಲಿ ಕಾಣಿಕೆಯ ಗೋಡೆ ಗಡಿಯಾರ. ಲಿಫ್ಟಿನ ಬಾಗಿಲು ಮುಚ್ಚದಂತೆ ಒಂದು ಬೂಟುಗಾಲನ್ನು ಅಡ್ಡ ಇಟ್ಟುಕೊಂಡು ದೊಡ್ಡ ಸಾಹೇಬರಿಗೆ ಕಾಯುತ್ತಿದ್ದ. ಒಳಗೆ ಬೆಳ್ಳಿಯಂಥ ಗೋಡೆ, ಕನ್ನಡಿ. ಹೆಂಡತಿ ನಮಸ್ಕಾರ ಮಾಡಿ ಒಂದು ಹೆಜ್ಜೆ ಮುಂದಿಟ್ಟಳು. ಮ್ಯಾನೇಜರ ಮೊಣಕೈ ಅಡ್ಡ ಬಂತು.

"ಅಮ್ಮಾ, ನೀವು ಮೆಟ್ಲಲ್ಲಿ ಬನ್ನಿ. ದೊಡ್ಡ ಸಾಹೇಬ್ರಿಗೆ ವಾಸನೆ ಗೀಸನೆ ಆಗಲ್ಲ. ಹತ್ತಕ್ಕಾಗ್ದಿದ್ರೆ ಇಲ್ಲೇ ಕೂತಿರಿ, ಒಂದು ಪೀಸು ಕೇಕು ಕೆಳಗೆ ಕಳಿಸ್ತೀನಿ."

ಅವಳು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಗ್ರೀಸಿನ ಬಾಯಿ ಹಳೇ ಅಭ್ಯಾಸದಿಂದ ಟಾರ್ಚು ಕಚ್ಚಿದಂತೆಯೇ ಇತ್ತು.

ಮೊದಲ ಮಹಡಿ ಮುಟ್ಟುವಷ್ಟರಲ್ಲಿ ಅವಳ ಮಂಡಿ ಕೈಕೊಟ್ಟಿತು. ಮೆಟ್ಟಿಲ ಮೇಲೆ ಕುಸಿದು ಕೂತಳು.

"ನೀವು ಹೋಗ್ಬನ್ನಿ. ನನ್ನ ಪಾಲಿಂದು ಜೇಬಲ್ಲಿ ಹಾಕ್ಕೊಂಡು ಬನ್ನಿ. ಗ್ರೀಸು ಮೆತ್ತಿದ್ರೂ ಪರವಾಗಿಲ್ಲ, ಅಭ್ಯಾಸ ಆಗಿದೆ."

ಕೆಳಗೆ ಕಾರಿನ ಬಾಗಿಲು ಬಡಿಯಿತು. ಬೂಟುಗಳ ಸದ್ದು, ಬನ್ನಿ ಸಾರ್ ಬನ್ನಿ ಸಾರ್. ಲಿಫ್ಟಿನ ಬಾಗಿಲು ಮುಚ್ಚಿತು, ಹಗ್ಗಗಳು ಬಿಗಿದವು. ಗ್ರೀಸು ಮೊದಲ ಮಹಡಿಯ ಮುಚ್ಚಿದ ಬಾಗಿಲ ಮೇಲೆ ಅಂಗೈ ಇಟ್ಟ. ಇದು ಮೆಕ್ಯಾನಿಕ್ಕುಗಳ ವಿದ್ಯೆ. ಹೊರಗಿಂದ ಮೂರು ಮೂಲೆಯ ಕೀ ತಿರುಗಿಸಿದರೆ ಲಿಫ್ಟು ಇದ್ದಲ್ಲೇ ನಿಲ್ಲುತ್ತದೆ. ಸರಿಯಾದ ಗಳಿಗೆಗೆ ತಿರುಗಿಸಿದರೆ ಅದರ ನೆತ್ತಿ ನೆಲದ ಸಮಕ್ಕೆ, ಮನೆಯ ಹೊಸ್ತಿಲ ಹಾಗೆ, ಬಂದು ನಿಲ್ಲುತ್ತದೆ. ಲಿಫ್ಟು ಹತ್ತಿರ ಬಂದಂತೆ ಬಾಗಿಲ ಅದುರು ಅಂಗೈಗೆ ತಾಗಿತು. ಇನ್ನೂ ಇಲ್ಲ. ಇನ್ನೂ ಇಲ್ಲ.

ಈಗ.

ಕೀ ತಿರುಗಿತು. ಒಳಗೆ ಯಾರೋ "ಅಯ್ಯೋ!" ಎಂದರು. ಗ್ರೀಸು ಬಾಗಿಲು ಸರಿಸಿದ, ಕೈ ಚಾಚಿ ಲಿಫ್ಟು ತಾನಾಗಿ ಹೊರಡದಂತೆ ನೆತ್ತಿಯ ಮೇಲಿನ ಕೆಂಪು ಗುಂಡಿ ಒತ್ತಿದ.

"ಬಾರೇ."

"ಎಲ್ಲಿಗ್ರೀ?"

"ಲಿಫ್ಟಿಗೆ. ನನ್ನ ಸೀಟಿಗೆ."

ಅವಳು ಕತ್ತಲು ನೋಡಿದಳು, ಗಂಡನನ್ನು ನೋಡಿದಳು, ಸೀರೆ ಎತ್ತಿ ಸಿಕ್ಕಿಸಿಕೊಂಡು ದಾಟಿಯೇಬಿಟ್ಟಳು. ಅವನು ನಡುವಿನ ಕಬ್ಬಿಣದ ತೊಲೆಯ ಮೇಲೆ ಅವಳನ್ನು ಕೂರಿಸಿ, ಬಾಗಿಲು ಹಾಕಿ, ಕೆಂಪು ಗುಂಡಿ ಬಿಡಿಸಿ, ಅಲ್ಲೇ ಇದ್ದ ಲಿಫ್ಟು ಓಡಿಸುವ ಗುಂಡಿಯನ್ನು ಒತ್ತಿ ಹಿಡಿದ. ಲಿಫ್ಟು ತುಂಬು ಗಬ್ಬದ ಹಸುವಿನ ಹಾಗೆ ನಿಧಾನವಾಗಿ ಏರತೊಡಗಿತು. ಒಂದೊಂದು ಮಹಡಿಯ ಬಾಗಿಲ ಸಂದಿನಿಂದ ಬೆಳಕಿನ ಗೆರೆ ಅವಳ ಮುಖದ ಮೇಲೆ ಹಾದು ಇಳಿಯುತ್ತಿತ್ತು.

"ಅಯ್ಯೋ ರೀ! ಜಾತ್ರೆ ತೊಟ್ಟಿಲು ಹತ್ತಿದಂಗಾಗ್ತಿದೆ!" ಅವಳು ಕಿಸಕ್ಕೆಂದು ನಕ್ಕಳು. "ನಿಮ್ಮ ಅರ್ಧ ಬೆರಳು ಹೋಗಿದ್ದು ಇಲ್ಲೇನಾ?"

"ಇಂಥದ್ದೇ ಹಗ್ಗದಲ್ಲಿ. ನಿನ್ನದೇ ತಪ್ಪು ಅಂತ ಬೈದು, ಸಂಬಳ ಕಟ್ ಮಾಡಿದ್ರು."

"ನೋಡಿ, ಪಾಪ. ನಿಮಗಿಂತ ಮೊದಲೇ ರಿಟೈರಾಯ್ತು. ಅದಕ್ಕೆ ಯಾರೂ ಕೇಕು ಕೊಯ್ಲಿಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೆಳಗಿಂದ ಯಾರೋ ಸೂರಿಗೆ ಗಡಿಯಾರದಲ್ಲೇ ಗುದ್ದಿದರು. ಗ್ರೀಸು ಲಿಫ್ಟು ನಿಲ್ಲಿಸಿ, ನೆತ್ತಿಯ ಸಣ್ಣ ಮುಚ್ಚಳ ತೆಗೆದು ಇಣುಕಿದ. ಕೆಳಗೆ ಎರಡು ತಲೆ. ಒಂದು ಪೂರ್ತಿ ಬೋಳು, ಇನ್ನೊಂದು ಬೋಳಾಗುವ ದಾರಿಯಲ್ಲಿ.

"ಯಾರಯ್ಯಾ ಅದು?" ಎಂದಿತು ಪೂರ್ತಿ ಬೋಳು.

"ಇವತ್ತು ರಿಟೈರಾಗೋ ಮನುಷ್ಯ ಸಾರ್," ಎಂದ ಮ್ಯಾನೇಜರು.

"ಹೆಸರೇನು?"

"ಗ್ರೀಸು ಸಾರ್."

"ಹೆಸರು ಕೇಳಿದ್ದು ನಾನು. ಕೇಕಿನ ಮೇಲೆ ಏನು ಬರೆಸಿದೀಯ?"

"ಕಂಪನಿ ಹೆಸರು ಸಾರ್."

ಹೆಂಡತಿ ಗಂಡನ ಭುಜದ ಮೇಲಿಂದ ಬಗ್ಗಿದಳು. "ಮ್ಯಾನೇಜರ್ ಸಾಹೇಬ್ರೇ, ಒಂದು ಪೀಸು ಕಳಿಸ್ತೀನಿ ಅಂದಿದ್ರಲ್ಲ. ಅದೇನು ಚೂರುಪಾರು? ಡಬ್ಬಿನೇ ಕೊಡಿ. ಕೊಟ್ರೆ ಲಿಫ್ಟು ಹೋಗುತ್ತೆ."

"ಕೊಡಯ್ಯಾ ಸುಮ್ನೆ!" ಎಂದರು ದೊಡ್ಡ ಸಾಹೇಬರು. ಡಬ್ಬಿ ಮೇಲೆ ಬಂತು. ಅದರ ಹಿಂದೆಯೇ ಮ್ಯಾನೇಜರ ಅಂಗೈ ಬಂತು.

"ಕೀ ಕೊಡೋ, ಬೋಳಿಮಗನೇ! ಪೊಲೀಸಿಗೆ ಹಿಡ್ಕೊಡ್ತೀನಿ!"

ಗ್ರೀಸು ಆ ಅಂಗೈಯನ್ನು ಒಂದು ಕ್ಷಣ ನೋಡಿದ. ಮೆತ್ತಗೆ, ಬೆಳ್ಳಗೆ, ಐದು ಬೆರಳೂ ಪೂರ್ತಿ. ಜೇಬಿನಲ್ಲಿದ್ದ ಸ್ಕ್ರೂಡ್ರೈವರಿನಿಂದ ಕೇಕಿನ ಒಂದು ಚೂರು ಕೊಯ್ದು ಅದರ ಮೇಲಿಟ್ಟ. ಅಂಗೈ ತಬ್ಬಿಬ್ಬಾಗಿ ಕೆಳಗಿಳಿಯಿತು. ಮುಚ್ಚಳ ಹಾಕಿದ.

ಬೀಳ್ಕೊಡುಗೆಗೆಂದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದ ಮೆಕ್ಯಾನಿಕ್ಕುಗಳಿಗೆ ಗೋಡೆಯೊಳಗಿಂದ ಹೆಂಗಸಿನ ನಗು ಕೇಳಿತು. ಗೋಡೆ ನಗುವುದುಂಟೇ? ಅವರು ಅದರ ಜೊತೆಗೇ ಓಡಿದರು. ತುದಿ ಮಹಡಿಯಲ್ಲಿ ಯಾರದೋ ಕೀ ತಿರುಗಿತು, ಬಾಗಿಲು ಸರಿಯಿತು. ಲಿಫ್ಟಿನ ನೆತ್ತಿ ನೆಲದ ಸಮಕ್ಕೆ ಬಂದು ನಿಂತಿತ್ತು. ಅದರ ಮೇಲೆ ಮದುವೆಯ ಜೋಡಿಯ ಹಾಗೆ ಗ್ರೀಸು, ಅವನ ಹೆಂಡತಿ, ತೊಡೆಯ ಮೇಲೆ ಕೇಕು.

"ಬಾರಕ್ಕಾ, ಇಳಿ!" ಕಿವುಡ ಕಿರುಚಿದ. ಅವನು ಮಾತಾಡುವುದೇ ಹಾಗೆ.

ಅವಳು ಸಾಲು ಕುರ್ಚಿಗಳನ್ನು ನೋಡಿದಳು, ಸಾಹೇಬರಿಗೆಂದು ಇಟ್ಟ ಮೆತ್ತನೆಯ ಕುರ್ಚಿಯನ್ನು ನೋಡಿದಳು. "ರೀ, ಇನ್ನೊಂದ್ಸಲ ಹೋಗ್ಬರೋಣ. ಈ ಸಲ ಗುಂಡಿ ನಾನು ಒತ್ತೋದು."

"ಹಂಗಾದ್ರೆ ನಾನೂ ಬಂದೆ!" ಕಿವುಡ ಅವಳ ತುಟಿ ಓದಿ ಲಿಫ್ಟಿನ ನೆತ್ತಿಗೆ ಹಾರಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಲಿಫ್ಟಿನೊಳಗೆ ಇಷ್ಟೇ ಜನ ಎಂದು ತಗಡಿನ ಮೇಲೆ ಕೊರೆದಿರುತ್ತದೆ. ನೆತ್ತಿಯ ಮೇಲೆ ಎಷ್ಟು ಜನ ಎಂದು ಯಾವ ಕಂಪನಿಯೂ ಬರೆದಿಲ್ಲ. ಬಾಗಿಲು ಮುಚ್ಚಿತು. ಅವಳು ಗುಂಡಿ ಒತ್ತಿದಳು, ಅವಳ ಬೆರಳ ಮೇಲೆ ಅವನ ಅರ್ಧ ಬೆರಳು.

ಎರಡು ಮಹಡಿ ಇಳಿದಿರಬೇಕು. ಎಲ್ಲೋ ಮೇಲೆ ಚಟ್ ಎಂದಿತು. ಲಿಫ್ಟು ನಿಂತಿತು. ಗುಂಡಿ ಒತ್ತಿದರೂ ಇಲ್ಲ, ಬಿಟ್ಟರೂ ಇಲ್ಲ.

"ರಿಲೇ," ಎಂದ ಗ್ರೀಸು. ಎಲ್ಲರೂ ತಲೆಯಾಡಿಸಿದರು.

"ಗ್ರೀಸೂ!" ಕೆಳಗಿಂದ ಮ್ಯಾನೇಜರ ಅಳುದನಿ. "ಲೋ, ಅಣ್ಣಾ! ರಿಪೇರಿ ಮಾಡೋ!"

"ಗಡಿಯಾರ ನಿಮ್ಮ ಹತ್ರಾನೇ ಇದೆಯಲ್ಲ ಸಾರ್, ನೋಡಿ. ನನ್ನ ಡ್ಯೂಟಿ ಮುಗೀತು. ಕೆಂಪು ಗಂಟೆ ಒತ್ತಿ, ಡ್ಯೂಟೀಲಿರೋನು ಬರ್ತಾನೆ."

ಕೆಳಗೆ ಗಂಟೆ ಒತ್ತಿದ ಸದ್ದು. ನೆತ್ತಿಯ ಮೇಲಿನ ಕತ್ತಲಲ್ಲಿ, ಕಿವುಡನ ಅಂಗಿಯ ಜೇಬಿನಲ್ಲಿ ನೀಲಿ ಬೆಳಕು ಹತ್ತಿ ಡ್ಯೂಟಿ ಫೋನು ಬಡಿದುಕೊಳ್ಳತೊಡಗಿತು. ಎಲ್ಲರೂ ಕಿವುಡನನ್ನು ನೋಡಿದರು. ಕಿವುಡ ಕೇಕು ತಿನ್ನುತ್ತಿದ್ದ.

"ಚೆನ್ನಾಗಿದೆ ಅಕ್ಕಾ!" ಎಂದು ಕಿರುಚಿದ. "ಇನ್ನೊಂದು ಚೂರು ಹಾಕು!"