ಲೀಟರಿಗೆ ಒಂದು ಮುಚ್ಚಳ

ಗಂಡ ತೀರಿಕೊಂಡ ಮೇಲೆ ಗ್ಯಾರೇಜಿನ ಬಾಗಿಲು ತೆಗೆದು ಕೂತ ಹೆಂಗಸಿಗೆ ಪಾಠ ಹೇಳಿದ್ದು ಫೋನು. ಅದರೊಳಗೆ ಮೇಷ್ಟ್ರುಗಳಿಗೇನು ಬರವೇ? ಒಬ್ಬ ಒಂದು ಬೋಲ್ಟು ಬಿಚ್ಚುವ ಮೊದಲು "ಸ್ನೇಹಿತರೇ, ಸ್ನೇಹಿತರೇ" ಎಂದು ಇಂಜಿನ್ ತಣ್ಣಗಾಗುವಷ್ಟು ಹೊತ್ತು ಮಾತಾಡುತ್ತಿದ್ದ. ಇನ್ನೊಬ್ಬ ಪೆಟ್ರೋಲ್ ಹರಿಸುವ ಜೆಟ್ಟು ದೊಡ್ಡದು ಹಾಕಿ ಎಂದರೆ ಮತ್ತೊಬ್ಬ ಚಿಕ್ಕದು ಹಾಕಿ ಎನ್ನುತ್ತಿದ್ದ. ಅವಳು ಫೋನನ್ನು ಗ್ರೀಸ್ ಡಬ್ಬಿಗೆ ಒರಗಿಸಿಟ್ಟು, ನಿಲ್ಲಿಸಿ ನಿಲ್ಲಿಸಿ ನೋಡಿ, ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುವುದನ್ನು ಕಲಿತಳು. ಪ್ಲಗ್ಗಿನ ಬಣ್ಣ ನೋಡಿ ಇಂಜಿನ್ನಿನ ಹೊಟ್ಟೆಯೊಳಗಿನ ಸಮಾಚಾರ ಹೇಳುವುದನ್ನೂ ಕಲಿತಳು: ಕಂದಾದರೆ ಆರೋಗ್ಯ, ಕಪ್ಪಾದರೆ ಅಜೀರ್ಣ, ಬೆಳ್ಳಗಾದರೆ ಜ್ವರ.

ಗಂಡನಿದ್ದಾಗಲೇ ಕಲಿಯಬಹುದಿತ್ತಲ್ಲ ಎಂದರೆ, ಅವನು ಕಲಿಸಿದರೆ ತಾನೇ? ಮಾತೆಂದರೆ ಮೈಲಿ ದೂರ. ಪಾನಾ ಬೇಕಾದರೂ ಬರೀ ಕೈ ಚಾಚುತ್ತಿದ್ದ. "ಇದ್ಯಾಕ್ರೀ ಹೀಗೆ ಸದ್ದು ಮಾಡುತ್ತೆ?" ಎಂದು ಅವಳು ಕೇಳಿದರೆ "ನಿನಗ್ಯಾಕೆ ಅದೆಲ್ಲ" ಎಂಬ ಒಂದೇ ಉತ್ತರ. ಊಟಕ್ಕೆ ಬಂದಾಗ "ಏನ್ರೀ ಮಸಿಕೈ, ಮೊದ್ಲು ತೊಳ್ಕೊಂಡು ಬನ್ನಿ" ಎಂದು ಅವಳು ಗದರುವುದು, ಅವನು ತುಟಿಯಂಚಿನಲ್ಲಿ ನಗುವುದು, ಇಷ್ಟೇ ಅವರ ಸರಸ.

ಗ್ಯಾರೇಜು ಅಣ್ಣ ತಮ್ಮ ಇಬ್ಬರ ಹೆಸರಿನಲ್ಲಿತ್ತು. ಟೈಲ್ಸ್ ವ್ಯಾಪಾರದ ಮೈದುನನಿಗೆ ಅದು ಗೋದಾಮಾಗಿ ಬೇಕಿತ್ತು.

"ಅತ್ತಿಗೆ, ಫೋನ್ ನೋಡ್ಕೊಂಡು ಇಂಜಿನ್ ಬಿಚ್ಚೋದಾದ್ರೆ ನಾನೂ ಹಾರ್ಟ್ ಆಪರೇಷನ್ ಮಾಡ್ತಿದ್ದೆ."

"ಮಾಡಪ್ಪ. ಮೊದಲು ನಿನ್ನಲ್ಲಿ ಅದು ಇದೆಯಾ ಅಂತ ಹುಡುಕು."

ಅವನು ನಗಲಿಲ್ಲ. "ಆಯ್ತು. ಆ ರೇಸಿನವನ ಗಾಡಿ ಸರಿ ಮಾಡಿ ನೋಡೋಣ. ಭಾನುವಾರದ ರೇಸಲ್ಲಿ ಅದು ಓಡಿದ್ರೆ ಗ್ಯಾರೇಜಿನ ಸುದ್ದಿಗೇ ಬರಲ್ಲ. ನಿಂತ್ರೆ ಬೀಗದಕೈ ನನ್ನ ಕೈಗೆ."

ರೇಸಿನವನದು ಪೆಟ್ರೋಲಿಗೇ ಎಣ್ಣೆ ಬೆರೆಸುವ ಟೂ-ಸ್ಟ್ರೋಕ್ ಗಾಡಿ. ಎರಡು ಸುತ್ತು ಚೆನ್ನಾಗಿ ಓಡಿ, ಮೂರನೆಯದರಲ್ಲಿ ಕಾದು, ಉಬ್ಬಸದವರಂತೆ ಏದುಸಿರು ಬಿಡುತ್ತಿತ್ತು. ಒಮ್ಮೆಯಂತೂ ಹಿಂದಿನ ಚಕ್ರ ಕಚ್ಚಿ ನಿಂತು ಅವನ ಮೊಣಕೈಯ ಚರ್ಮ ಕಿತ್ತುಬಂದಿತ್ತು.

"ನಾನೇನೂ ತಪ್ಪು ಮಾಡಿಲ್ಲ ಅಕ್ಕಾ. ಅಣ್ಣ ಬರೆದ ಹಾಗೇ ಲೀಟರಿಗೆ ಒಂದು ಮುಚ್ಚಳ ಎಣ್ಣೆ ಹಾಕ್ತಿದೀನಿ."

"ಎಲ್ಲಿ ಬರೆದಿದ್ರು?"

"ಅಯ್ಯೋ, ಬೈಕಿನವರ ವೆಬ್‌ಸೈಟಲ್ಲಿ! ನಿಮಗೆ ಗೊತ್ತಿಲ್ವಾ? 'ಮಸಿಕೈ' ಅಂದ್ರೆ ಅಲ್ಲಿ ಎಲ್ಲರಿಗೂ ಗುರು."

ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ಅವಳ ಬೈಗುಳವನ್ನು ಗಂಡ ಹೆಸರು ಮಾಡಿಕೊಂಡು ತಿರುಗಿದ್ದ.

ರೇಸಿನವ ಹೋದ ಮೇಲೆ ಫೋನಿನಲ್ಲಿ ಆ ಸೈಟು ತೆಗೆದಳು. ಪುಟದ ಮೇಲೆ ಪುಟ, ವರ್ಷದ ಮೇಲೆ ವರ್ಷ. ಬಾಯಿ ತೆರೆದರೆ ಮುತ್ತು ಉದುರೀತೆಂದು ಹೆದರಿದ್ದ ಮನುಷ್ಯ ಅಲ್ಲಿ ಗುರುತು ಪರಿಚಯವಿಲ್ಲದವರಿಗೆ ಮಗುವಿಗೆ ತುತ್ತಿಟ್ಟಂತೆ ಹೇಳಿಕೊಟ್ಟಿದ್ದ. "ಗಾಬರಿಯಾಗಬೇಡಿ, ಮತ್ತೆ ಕೇಳಿ, ಕೇಳಿದರೆ ನನಗೆ ಸಂತೋಷ." ಸದ್ದು ಯಾಕೆ ಹಾಗೆ ಬರುತ್ತದೆ ಎಂದು ಅವಳು ಕೇಳಿದ್ದ ಪ್ರಶ್ನೆಯನ್ನೇ ಯಾವನೋ ಕೇಳಿದ್ದಕ್ಕೆ ಚಿತ್ರ ಬರೆದು ಉತ್ತರ ಕೊಟ್ಟಿದ್ದ. "ಮನೆಯಲ್ಲಿ ಯಾರಿಗಾದರೂ ಈ ವಿದ್ಯೆ ಕೊಟ್ಟಿದ್ದೀರಾ?" ಎಂದು ಒಬ್ಬರು ಕೇಳಿದ್ದಕ್ಕೆ ಅವನ ಉತ್ತರ: "ಹೆಂಡತಿ ಇದ್ದಾಳೆ. ಅವಳ ತಲೆಗೆ ಇದು ಹತ್ತೋದಿಲ್ಲ."

ಅದನ್ನು ಅವಳು ಎರಡು ಸಲ ಓದಿದಳು. ಆಮೇಲೆ ಕಣ್ಣೊರೆಸಿಕೊಳ್ಳದೆಯೇ ಮುಂದಿನ ಪುಟಕ್ಕೆ ಹೋದಳು, ಗಾಡಿ ಕಾಯುತ್ತಿತ್ತು.

ಮುಚ್ಚಳದ ಮಾತು ಸಿಕ್ಕಿತು. ಅದರ ಕೆಳಗೆ ಗೋಳೋ ಗೋಳು. ಒಬ್ಬನ ಪಿಸ್ಟನ್ ಕಚ್ಚಿಕೊಂಡಿದೆ, ಇನ್ನೊಬ್ಬನ ಸಿಲಿಂಡರ್ ಗೀರಿದೆ. "ಯಾವ ಮುಚ್ಚಳ ಸ್ವಾಮಿ?" ಎಂದು ಕೇಳಿದವನಿಗೆ ಗಂಡ ಬರೆದಿದ್ದ: "ಮುಚ್ಚಳ ಅಂದರೆ ಮುಚ್ಚಳ. ನಮ್ಮ ಗ್ಯಾರೇಜಿನಲ್ಲಿರುವುದು ಒಂದೇ."

ಅವಳು ಎದ್ದು ಎಣ್ಣೆಯ ಕಪಾಟಿನ ಕೆಳಗೆ ಕೈ ಹಾಕಿದಳು. ಹಳೆಯ ವಾಷರುಗಳ ನಡುವೆ ಅಂಗಾತ ಬಿದ್ದಿತ್ತು, ತಳದಲ್ಲಿ ಎಣ್ಣೆ ಹೆಪ್ಪುಗಟ್ಟಿದ ಒಂದು ಸ್ಟೀಲಿನ ಮುಚ್ಚಳ. ಬಟ್ಟೆಯಿಂದ ಒರೆಸಿದಾಗ ಅಂಚಿನ ನೆಗ್ಗು ಕಂಡಿತು. ಅವಳ ಕೈಯಿಂದಲೇ ಜಾರಿಬಿದ್ದು ಆದ ನೆಗ್ಗು. ಅವಳ ಕಾಳುಮೆಣಸಿನ ಡಬ್ಬಿಯ ಮುಚ್ಚಳ! ಮನೆಯೆಲ್ಲ ತಡಕಾಡಿ, "ನೀವೇನಾದ್ರೂ ನೋಡಿದ್ರಾ?" ಎಂದು ಅವನನ್ನೇ ಕೇಳಿದ್ದಳು. "ಇಲ್ಲ" ಎಂದಿದ್ದ. ಅಂದಿನಿಂದ ಆ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ಕು, ರಬ್ಬರ್ ಬ್ಯಾಂಡು.

ಎಣ್ಣೆ ಬಾಟಲಿಯ ಮುಚ್ಚಳಕ್ಕೆ ಹೋಲಿಸಿದಳು. ಇದರೊಳಗೆ ಅದರಂಥವು ಮೂರು ಹಿಡಿಯುತ್ತಿದ್ದವು. ಊರವರೆಲ್ಲ ಬಾಟಲಿಯ ಮುಚ್ಚಳದಲ್ಲಿ ಅಳೆದು, ಎಣ್ಣೆ ಸಾಲದೆ ಇಂಜಿನ್ ಸುಟ್ಟುಕೊಂಡಿದ್ದರು.

ಆ ಸ್ಟೀಲಿನ ಮುಚ್ಚಳದಲ್ಲೇ ಎಣ್ಣೆ ಅಳೆದು ಬೆರೆಸಿದಳು; ಭಾನುವಾರ ಗಾಡಿ ಓಡಿತು. ಮೂರನೆಯ ಸುತ್ತಿನಲ್ಲೂ ಸದ್ದು ಒಡೆಯಲಿಲ್ಲ. ಪ್ಲಗ್ ಬಿಚ್ಚಿದರೆ ಹದವಾದ ಕಂದು. ರೇಸಿನವ ಕೈ ಮುಗಿದ, ಅವಳಿಗಲ್ಲ, ಆಕಾಶಕ್ಕೆ. "ಅಣ್ಣನ ಕೈಗುಣ, ಹೋದ ಮೇಲೂ ಕೆಲಸ ಮಾಡ್ತಿದೆ ನೋಡಿ!"

"ನಮ್ಮಣ್ಣ ಅಂದ್ರೆ ಸುಮ್ನೇನಾ?" ಎಂದ ಮೈದುನ, ತನ್ನ ಹತ್ತಿರವಿದ್ದ ಇನ್ನೊಂದು ಬೀಗದಕೈಯನ್ನೂ ಅವಳ ಕೈಗಿಟ್ಟು. ಮಾತಿಗೆ ತಪ್ಪಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು.

ಗ್ಯಾರೇಜು ಉಳಿಯಿತು. ಅವಳು ಒಂದು ಅಳತೆಯ ಲೋಟ ತಂದಿಟ್ಟು ಆ ಮುಚ್ಚಳವನ್ನು ಅಳೆದಳು, ಮೂವತ್ತು ಮಿಲಿ. ಇನ್ನೂ ಎಷ್ಟು ಜನರ ಚಕ್ರ ಕಚ್ಚಿ ನಿಲ್ಲುವುದೋ ಎಂಬ ಸಂಕಟಕ್ಕೆ ಸೈಟಿನಲ್ಲಿ 'ಮಸಿಕೈ ಮನೆಯವಳು' ಎಂದು ಹೆಸರು ಕೊಟ್ಟು ಬರೆದಳು: "ಲೀಟರಿಗೆ ಮೂವತ್ತು ಮಿಲಿ ಹಾಕಿ. ಅವರು ಹೇಳಿದ ಮುಚ್ಚಳ ನನ್ನ ಕಾಳುಮೆಣಸಿನ ಡಬ್ಬಿಯದು."

ಉತ್ತರ ಬರಲು ತಡವಾಗಲಿಲ್ಲ. ಮೊದಲು ನಗುವ ಮುಖಗಳ ಸಾಲು. ಹಿಂದೆಯೇ ಒಬ್ಬ: "ಗುರುಗಳು ಹೇಳಿದ್ದಾರಲ್ಲ, ಕೆಲವರ ತಲೆಗೆ ಇದು ಹತ್ತೋದಿಲ್ಲ ಅಂತ. ಅಡುಗೆಮನೆಗೆ ಹೋಗಿ ಅಕ್ಕಾ."

ಅವಳು ಫೋನು ಆರಿಸಿದಳು. ಮುಚ್ಚಳವನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದು, ಸೆರಗಿನಲ್ಲಿ ಒರೆಸಿ, ಅಡುಗೆಮನೆಗೇ ಹೋದಳು. ರಬ್ಬರ್ ಬ್ಯಾಂಡು ಕಿತ್ತೆಸೆದು ಡಬ್ಬಿಯ ಮೇಲಿಟ್ಟು ಅಂಗೈಯಿಂದ ಅದುಮಿದಳು. ಟಪ್ಪೆಂದು ಕೂತಿತು. ಮೂಸಿ ನೋಡಿದಳು: ಎಣ್ಣೆಯ ವಾಸನೆ ಹೋಗಿರಲಿಲ್ಲ.