ಚಹಾದ ಪಾತೇಲಿಯಲ್ಲಿ ಥರ್ಮೋಸ್ಟ್ಯಾಟ್

ಬೆಟಗೇರಿಯ ಗಾದಿ ಅಂಗಡಿಯ ಕುತುಬುದ್ದೀನನಿಗೆ ಸುಳ್ಳು ಹೇಳುವ ಕಸುಬು ಬರುತ್ತಿರಲಿಲ್ಲ. ಬಾರದ ಕಸುಬಿಗೆ ಕೈಹಾಕಿದವರ ಗತಿ ಏನಾಗುತ್ತದೋ ಅವನದೂ ಅದೇ ಆಯಿತು. ಹರ್ತಿಯಿಂದ ಗೆಳೆಯ ದ್ಯಾಮಪ್ಪನ ಫೋನು ಬಂದಾಗ ಒಮ್ಮೆ ಅಂಗಡಿಯಲ್ಲಿ ಕೆಲಸ ಬಹಳ ಎಂದ, ಇನ್ನೊಮ್ಮೆ ಸೊಂಟ ಹಿಡಿದಿದೆ ಎಂದ. ಕಡೆಗೆ ಹೇಳಲು ಏನೂ ಉಳಿಯದೆ, "ರಸೂಲಬಿಗೆ ಆರಾಮಿಲ್ಲೋ" ಅಂದುಬಿಟ್ಟ. ಆ ಹೊತ್ತಿಗೆ ಅವನ ಹೆಂಡತಿ ರಸೂಲಬಿ ಹಿತ್ತಲಿನಲ್ಲಿ ನೆರೆಮನೆಯ ಆಡನ್ನು ಬೈಯುತ್ತಿದ್ದಳು. ಆ ದನಿ ಫೋನಿಲ್ಲದೆಯೂ ಹರ್ತಿ ಮುಟ್ಟುವಂತಿತ್ತು.

"ಅಕೀದ ಧ್ವನಿ ಅಲ್ಲೇನೋ ಅದು?" ಎಂದ ದ್ಯಾಮಪ್ಪ.

"ಏ, ಅಲ್ಲ. ಬಾಜೂ ಮನ್ಯಾಕಿ" ಎಂದು ಕುತುಬುದ್ದೀನ ಫೋನಿಟ್ಟ. ಬೆವರು ಒರೆಸಿಕೊಂಡ.

ಇಷ್ಟಕ್ಕೆಲ್ಲ ಕಾರಣ ಒಂದು ಬಿಳಿ ಕಾರು. ದ್ಯಾಮಪ್ಪನ ಹತ್ತಿ ಕುತುಬುದ್ದೀನನ ಗಾದಿಯೊಳಗೆ ಸೇರಲು ಶುರುವಾದಾಗ ಇಬ್ಬರಿಗೂ ಮೀಸೆ ಚಿಗುರುತ್ತಿತ್ತು. ಗೆಳೆತನ ಅಷ್ಟು ಹಳೆಯದು. ಈಚೆಗೆ ದ್ಯಾಮಪ್ಪನ ಕಣ್ಣು ಮಂಜಾಯಿತು. ಎದುರಿಗೆ ಬರುವುದು ಎಮ್ಮೆಯೋ ಟ್ರ್ಯಾಕ್ಟರೋ ಎಂದು ಅವನು ಹೆಂಡತಿಯನ್ನು ಕೇಳತೊಡಗಿದ ದಿನವೇ ಸುಮಿತ್ರವ್ವ ಕಾರಿನ ಕೀಲಿ ಕಸಿದುಕೊಂಡಳು. ಕೊಳ್ಳುವವರು ಬೇಕಾದಷ್ಟು ಮಂದಿ ಇದ್ದರು. ಆದರೆ ದ್ಯಾಮಪ್ಪ ಅದನ್ನು ಗೆಳೆಯನಿಗೇ ಕೊಟ್ಟ, ಒಂದೇ ಕರಾರಿನ ಮೇಲೆ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಕುತುಬುದ್ದೀನ ಹರ್ತಿಗೆ ಬರಬೇಕು, ದ್ಯಾಮಪ್ಪನನ್ನು ಬಾಜೂಕ ಕೂರಿಸಿಕೊಂಡು ಲಕ್ಷ್ಮೇಶ್ವರದತನಕ ಹೋಗಿ ಬರಬೇಕು. ಕುತುಬುದ್ದೀನ ಒಪ್ಪಿದ. ಈ ವಯಸ್ಸಿನಲ್ಲಿ ಓಣಿಯೊಳಗೇ ಸಣ್ಣ ಸುತ್ತು ಹಾಕಿ ಡ್ರೈವಿಂಗ್ ಕಲಿತ. ಊರ ಕೋಳಿಗಳು ಸ್ವಲ್ಪ ದಿನ ದಾರಿ ಬಿಟ್ಟು ಓಡಾಡಿದವು.

ಮೊದಲ ಶುಕ್ರವಾರವೇ ಎಡವಟ್ಟಾಯಿತು. ಮಲ್ಲಸಮುದ್ರ ದಾಟುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ನಿಂತಿತು, ಬಾನೆಟ್ಟಿನ ಸಂದಿಯಿಂದ ಹೊಗೆಯಂಥ ಉಗಿ ಎದ್ದಿತು. ಆರಿಸಿ, ನೀರು ಹಾಕಿ, ಹೇಗೋ ಮನೆಗೆ ತಂದ. ಮತ್ತೆ ಹೊರಟರೆ ಮತ್ತೆ ಅದೇ ರಾಗ. ದ್ಯಾಮಪ್ಪನ ಕೈಯಲ್ಲಿ ಇಷ್ಟು ವರ್ಷ ಒಂದು ದಿನವೂ ಕಾಯದ ಗಾಡಿ ಅದು. ಬಿರುಬೇಸಿಗೆಯಲ್ಲಿ ಮುಂಡರಗಿಗೆ ಹೋಗಿ ಬಂದಾಗ ಕುತುಬುದ್ದೀನನೇ ಪಕ್ಕದಲ್ಲಿ ಕೂತಿದ್ದ. ಹಾಗಿದ್ದರೆ ತಪ್ಪು ಯಾರದು? ತನ್ನ ಕೈಯದೇ. ಎತ್ತಿಗೆ ಮೈ ತೊಳೆದದ್ದಕ್ಕಿಂತ ಹೆಚ್ಚು ಸಲ ದ್ಯಾಮಪ್ಪ ಆ ಕಾರಿಗೆ ಮೈ ತೊಳೆದಿದ್ದ. ಅಂಥದನ್ನು ತಿಂಗಳೊಪ್ಪತ್ತಿನಲ್ಲಿ ಕೆಡಿಸಿದೆ ಎಂದು ಯಾವ ಬಾಯಿಯಿಂದ ಹೇಳುವುದು? ಬಸ್ಸಿನಲ್ಲಿ ಹೋಗೋಣವೆಂದರೆ, "ಗಾಡಿ ಎಲ್ಲೈತಿ?" ಎಂಬ ಪ್ರಶ್ನೆ ಹರ್ತಿಯ ಬಸ್‌ಸ್ಟ್ಯಾಂಡಿನಲ್ಲೇ ಕಾದು ಕೂತಿರುತ್ತದೆ. ಕುತುಬುದ್ದೀನ ಅಡಕತ್ತರಿಯ ನಡುವಿನ ಅಡಿಕೆಯಾಗಿದ್ದ. ಅದಕ್ಕಿಂತ ಹೆಚ್ಚಾಗಿ, ದ್ಯಾಮಪ್ಪನಿಲ್ಲದ ಶುಕ್ರವಾರಗಳು ಅವನಿಗೆ ಉಪ್ಪಿಲ್ಲದ ಊಟದಂತಾಗಿದ್ದವು.

ಒಬ್ಬ ಮಿಸ್ತ್ರಿ ರೇಡಿಯೇಟರಿನ ಮುಚ್ಚಳ ಬದಲಿಸಿದ. ಇನ್ನೊಬ್ಬ ಎಂಜಿನ್ನೇ ಬಿಚ್ಚಬೇಕೆಂದು ಹೆದರಿಸಿದ. ಕೊನೆಗೆ ಕುತುಬುದ್ದೀನ ಅಕ್ಕನ ಮಗ ಆಸೀಮನ ಗ್ಯಾರೇಜಿಗೆ ಹೋದ. ಆಸೀಮ ಗಾಡಿ ಚಾಲೂ ಮಾಡಿ, ಮುಳ್ಳು ಮೇಲೇರುವ ತನಕ ಸುಮ್ಮನೆ ನಿಂತು, ಆಮೇಲೆ ಆರಿಸಿ ರೇಡಿಯೇಟರಿನ ಕೆಳಗಿನ ಪೈಪು ಮುಟ್ಟಿದ.

"ಮಾಮಾ, ಇಲ್ಲಿ ಹಿಡೀರಿ. ಎಂಜಿನ್ ಕೆಂಡ ಆಗೇತಿ, ಇದು ನೋಡ್ರಿ ತಣ್ಣಗ ಮಲಗೇತಿ. ಕಾದ ನೀರು ರೇಡಿಯೇಟರಿಗೆ ಬರವಲ್ದು."

"ಯಾಕ ಬರವಲ್ದು?"

"ನಡುವ ಥರ್ಮೋಸ್ಟ್ಯಾಟ್ ಅಂತ ಒಂದು ವಾಲ್ ಇರತೈತಿ. ಬಾಗಲಾ ಇದ್ದಂಗ. ಎಂಜಿನ್ ತಣ್ಣಗಿದ್ದಾಗ ಮುಚ್ಚಿರತೈತಿ, ನೀರು ಕಾದಮ್ಯಾಲ ತಾನ ತೆರೀಬೇಕು. ಇದು ತೆರಿಯಾಕ ತಯಾರಿಲ್ಲ."

ಎಂಜಿನ್ ಆರಿದ ಮೇಲೆ ಎರಡು ಬೋಲ್ಟು ಬಿಚ್ಚಿ, ಅಂಗೈಯೊಳಗೆ ಅಡಗುವಂಥ ಹಿತ್ತಾಳೆ ಬಣ್ಣದ ಒಂದು ಸಾಮಾನು ತೆಗೆದ. ಒರೆಸಿ ನೋಡಿ ಹುಬ್ಬೇರಿಸಿದ. "ಅಲ್ಲ ಮಾಮಾ, ಇದು ಹೊಸಾದೈತಿ! ಯಾರೋ ಈಗೀಗ ಹಾಕ್ಯಾರ."

"ಹೊಸಾದು ಹ್ಯಾಂಗೋ ಕೆಡತೈತಿ? ನನ್ನ ಸಮಾಧಾನಕ್ಕ ಹೇಳಬ್ಯಾಡ."

"ನಂಬಿಕಿ ಇಲ್ಲಂದ್ರ ಮನಿಗೆ ಒಯ್ದು ನೀರಾಗ ಕುದಿಸಿ ನೋಡ್ರಿ. ಇದು ನನ್ನ ಕಡೆ ಇದ್ದ ಇನ್ನೊಂದು, ಜೋಡಿ ಹಾಕ್ರಿ. ಯಾವುದು ಬಾಯಿ ಬಿಡತೈತಿ, ಅದು ಸರಿ ಇದ್ದದ್ದು."

ಹೀಗೆ ಕುತುಬುದ್ದೀನ ಮಂಗಳವಾರ ಮಧ್ಯಾಹ್ನ ರಸೂಲಬಿಯ ಚಹಾದ ಪಾತೇಲಿಯನ್ನು ಒಲೆಗೇರಿಸಿ, ಗಾದಿ ಹೊಲಿಯುವ ದಾರದಲ್ಲಿ ಎರಡೂ ವಾಲ್ವುಗಳನ್ನು ತಳಕ್ಕೆ ತಾಗದಂತೆ ತೂಗುಬಿಟ್ಟುಕೊಂಡು ಕೂತ. ರಸೂಲಬಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಗ್ರೀಸ್ ಹತ್ತಿದ ಸಾಮಾನು ನನ್ನ ಪಾತೇಲ್ಯಾಗ! ಇನ್ನ ನೀವು ಚಹಾ ಕುಡೀರಿ, ನಾ ಕುಡಿಯೂದಿಲ್ಲ."

"ಸುಮ್ನಿರ, ನೀರು ಕುದಿಯಾಕ ಹತ್ತೇತಿ" ಎಂದ.

ಅದೇ ಗಳಿಗೆಗೆ ಬಾಗಿಲು ಸಪ್ಪಳವಾಯಿತು. ರಸೂಲಬಿ ಹೋಗಿ ತೆಗೆದರೆ, ಎದುರಿಗೆ ಕೈಚೀಲ ಹಿಡಿದ ಸುಮಿತ್ರವ್ವ, ಅವಳ ಹೆಗಲು ಹಿಡಿದ ದ್ಯಾಮಪ್ಪ. ಚೀಲದಲ್ಲಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಕೆನೆಮೊಸರು.

"ಯಾಕ ಎದ್ದೆವಾ ರಸೂಲಬಿ? ಮಕ್ಕೋಬೇಕಿಲ್ಲೋ!" ಎಂದಳು ಸುಮಿತ್ರವ್ವ.

"ಯಾರು ಮಕ್ಕೋಬೇಕು?"

"ನೀನ. ನಿನಗ ಆರಾಮಿಲ್ಲಂತಲ್ಲ?"

ರಸೂಲಬಿ ನಿಧಾನವಾಗಿ ಅಡುಗೆಮನೆಯತ್ತ ತಿರುಗಿದಳು. ಎಂಥ ರೋಗಿಯೂ ಹಾಗೆ ತಿರುಗಲಾರ. ಕುತುಬುದ್ದೀನ ಹಿತ್ತಲ ಕಡೆ ನೋಡಿದ. ಓಡಿ ಹೋಗೋಣವೆಂದರೆ ಹಿತ್ತಲ ಬಾಗಿಲಿನ ದಾರಿ ಅವಳನ್ನು ದಾಟಿಯೇ ಇತ್ತು.

"ಬಾ ದ್ಯಾಮಣ್ಣ" ಎಂದ ಸಣ್ಣ ದನಿಯಲ್ಲಿ. "ನಾ ಸುಳ್ಳು ಹೇಳೀನಿ. ಅಕೀಗೇನೂ ಆಗಿಲ್ಲ. ನಿನ್ನ ಗಾಡಿ ಕೆಡಿಸಿಬಿಟ್ಟೆ."

ದ್ಯಾಮಪ್ಪ ಗೋಡೆ ಸವರುತ್ತ ಒಲೆಯ ತನಕ ಬಂದ. ಪಾತೇಲಿಯೊಳಗೆ ಆಸೀಮ ಕೊಟ್ಟ ವಾಲ್ವು ಅಷ್ಟರಲ್ಲಿ ನಿಧಾನಕ್ಕೆ ಬಾಯಿ ತೆರೆದಿತ್ತು. ಗಾಡಿಯಿಂದ ತೆಗೆದದ್ದು ಕುದಿಯುವ ನೀರಿನಲ್ಲೂ ಹಟಮಾರಿ ಮಗುವಿನಂತೆ ಬಾಯಿ ಬಿಗಿದಿತ್ತು. ಕುತುಬುದ್ದೀನ ಅದನ್ನು ಎತ್ತಿ ಆರಿಸಿ ಕೊಟ್ಟ. ದ್ಯಾಮಪ್ಪ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದ, ಬೆರಳಿಂದ ಸವರಿದ.

"ಇದನ್ನ ಹಾಕಿಸಿದಾಂವ ನಾನೋ" ಎಂದ.

"ಏನು?"

"ಗಾಡಿ ತಗೊಂಡ ವರ್ಷಾನ ಮಿಸ್ತ್ರಿ, ನಮ್ಮ ಬಿಸಲಿಗೆ ಇದು ಬ್ಯಾಡ ಅಂತ ಕಿತ್ತು ಒಗದಿದ್ದ. ಇಲ್ಲದ ನಡೀತು, ಡೀಸೆಲ್ ಒಂಚೂರು ಜಾಸ್ತಿ ಕುಡೀತಿತ್ತು, ಅಷ್ಟ. ನಿನಗ ಕೊಡೂ ಮುಂದ ಮನಸ್ಸು ಒಪ್ಪಲಿಲ್ಲ. ಊನ ಇದ್ದದ್ದನ್ನ ನಿನಗ ಹ್ಯಾಂಗ ಕೊಡ್ಲಿ? ಪೂರಾ ಮಾಡಿ ಕೊಡಬೇಕಂತ ಹಿಂದಿನ ದಿನ ಹಾಕಿಸಿದೆ." ವಾಲ್ವನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ನೀ ಬರೂದು ಬಿಟ್ಟಿ. ಈ ಕುರುಡನ್ನ ಕಟಗೊಂಡು ಅಡ್ಡ್ಯಾಡಾಕ ಬ್ಯಾಸರಾತೇನೋ ಅಂತ ತಿಳಕೊಂಡಿದ್ದೆ."

ಕುತುಬುದ್ದೀನ ಒಲೆ ಬಿಟ್ಟು ಎದ್ದ. ಸುಳ್ಳು ಹೇಳಿದವನು ತಾನು, ಅದನ್ನು ನುಂಗಿಕೊಂಡು ಇಷ್ಟು ದಿನ ಒಳಗೇ ಬೆಂದವನು ಇವನು. ಗೆಳೆಯನ ಕೈಯನ್ನು ವಾಲ್ವಿನ ಸಮೇತ ಹಿಡಿದುಕೊಂಡ. "ಹುಚ್ಚಾ, ಲೇ ಹುಚ್ಚಾ" ಎಂದ.

"ಇಬ್ಬರೂ ಹುಚ್ಚರ" ಎಂದಳು ರಸೂಲಬಿ. ಪಾತೇಲಿ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಲು ಕೂತಳು.

ಅದಿಲ್ಲದೆಯೂ ಓಡುತ್ತದೆ, ಹಾಗೇ ಬಿಡು ಎಂದು ದ್ಯಾಮಪ್ಪ ಎಷ್ಟು ಹೇಳಿದರೂ ಕುತುಬುದ್ದೀನ ಕೇಳಲಿಲ್ಲ. "ನೀ ಪೂರಾ ಕೊಡಬೇಕಂದಿ. ನಾ ಪೂರಾನ ಇಟ್ಕೋತೀನಿ" ಎಂದ. ಬಾಯಿಬಿಟ್ಟ ವಾಲ್ವನ್ನು ಆಸೀಮ ಕೂರಿಸಿದ, ಹೊಸ ಗ್ಯಾಸ್ಕೆಟ್ಟಿಟ್ಟು ಬೋಲ್ಟು ಬಿಗಿದ, ಕೂಲಂಟು ತುಂಬಿ ಒಳಗಿನ ಗಾಳಿ ಹೊರಬೀಳುವ ತನಕ ಎಂಜಿನ್ ಓಡಿಸಿದ. ಸಂಜೆಯ ಬಿಸಿಲಿಗೆ ನಾಲ್ಕೂ ಜನ ಹರ್ತಿಯ ದಾರಿ ಹಿಡಿದರು. ಹಿಂದಿನ ಸೀಟಿನಲ್ಲಿ ರೋಗಿ ರಸೂಲಬಿ ರೊಟ್ಟಿ ಬಿಚ್ಚಿದಳು.

"ಮುಳ್ಳು ಎಲ್ಲೈತಿ?" ಎಂದ ದ್ಯಾಮಪ್ಪ.

"ಕೆಳಗೈತಿ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದ. "ನಡುವ ಬಂತು" ಎಂದ ಕುತುಬುದ್ದೀನ. ಅದು ಖರೆಯೇ ಆಗಿತ್ತು. ಆದರೆ ಮಲ್ಲಸಮುದ್ರ ಸಮೀಪಿಸುತ್ತಿದ್ದಂತೆ ಮುಳ್ಳು ನಡು ಬಿಟ್ಟು ಮೇಲೆ ಸರಿಯಿತು. ಅವನ ಕೈ ಸ್ಟೀರಿಂಗಿಗೆ ಅಂಟಿಕೊಂಡಿತು.

"ಈಗ?"

ನಡುವೇ ಇದೆ ಎನ್ನಬಹುದಿತ್ತು. ಪಕ್ಕದವನಿಗೆ ಕಾಣುವುದಿಲ್ಲ. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಏರಾಕ ಹತ್ತೇತಿ ದ್ಯಾಮಣ್ಣ" ಎಂದ. "ನಿಲ್ಲಿಸ್ಲೇನು?"

"ನಿಲ್ಲಿಸಿದ್ರ ನಿಲ್ಲಿಸು. ಬೇವಿನ ಗಿಡದ ಬುಡಕ ಕುಂಡ್ರೂಣು. ನಾ ಶುಕ್ರವಾರ ಕೇಳಿದ್ದು ಗಾಡಿ ಸಲುವಾಗಿ ಅಂತ ತಿಳದಿ ಏನು? ನಿನ್ನ ಬಾಜೂಕ ಕುಂಡ್ರಾಕ ಸಿಗತೈತಿ ಅಂತ ಕೇಳಿದ್ದೋ."

ಕುತುಬುದ್ದೀನನ ಕಣ್ಣು ತುಂಬಿ ಮುಳ್ಳೂ ಕಾಣಿಸಲಿಲ್ಲ, ಕೆಂಪು ಗೆರೆಯೂ ಕಾಣಿಸಲಿಲ್ಲ. ಗಾಡಿ ನಿಧಾನಿಸಿ ತೋಳಿನಿಂದ ಒರೆಸಿಕೊಂಡು ನೋಡಿದಾಗ, ಮುಳ್ಳು ತಾನಾಗಿ ನಡುವಿಗಿಳಿದು ನಿಂತಿತ್ತು.

"ಇಳೀತೋ! ವಾಲ್ ತೆರೀತು ನೋಡು!"

"ಇಳೀಲಿ ಬಿಡು" ಎಂದ ದ್ಯಾಮಪ್ಪ. "ನೀ ಮೊದಲ ರಸ್ತಾ ನೋಡು. ನನ್ನ ಕಣ್ಣಿಗೂ ಮುಂದ ಎಮ್ಮಿ ಕಾಣಾಕ ಹತ್ತೇತಿ."